ಸಿಸ್ಟರ್ ಹೇಳಿಕೊಟ್ಟ ಪಾಠ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಿದ್ದೆಗೆಟ್ಟು ಓದುವ ಹುಡುಗರಿಗೆ ಮನೆಯ ರಾತ್ರಿಯ ಗುಟ್ಟುಗಳೆಲ್ಲ ಗೊತ್ತಾಗುತ್ತವೆ. ಬೀದಿನಾಯಿ ಎಷ್ಟು ಗಂಟೆಗೆ ಬೊಗಳಲು ಶುರು ಮಾಡುತ್ತದೆ, ಯಾರು ನಿದ್ದೆಯಲ್ಲಿ ಗೊಣಗುತ್ತಾರೆ, ಯಾರು ಕದ್ದು ಫ್ರಿಜ್ಜು ತೆರೆಯುತ್ತಾರೆ, ಎಲ್ಲವೂ. 2022ರ ಜನವರಿಯಲ್ಲಿ ಅಮೃತಹಳ್ಳಿಯ ಒಂದು ಮನೆಯಲ್ಲಿ ಹೀಗೆ ಓದುತ್ತಿದ್ದ ಹುಡುಗನಿಗೆ ಗೊತ್ತಾದದ್ದು ಬೇರೆಯದೇ ಸಂಗತಿ. ಹತ್ತು ಗಂಟೆಗೆ ಮಲಗಿದ ತಾತ ಬೆಳಗಿನ ಐದರೊಳಗೆ ಐದು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದರು. ಹೋದವರು ಬೇಗ ಬರುತ್ತಿರಲಿಲ್ಲ. ಗೋಡೆಗೆ ಕೈಯೂರಿ ನಿಂತಿರುವುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಹುಡುಗ ಗಣಿತದ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಎಳೆದು ಲೆಕ್ಕ ಇಟ್ಟ. ಒಂದು ವಾರ ಆದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಆ ಲೆಕ್ಕವನ್ನು ಎಲ್ಲರ ಮುಂದೆ ಓದಿಯೂಬಿಟ್ಟ.

‘ಓದೋದು ಬಿಟ್ಟು ನನ್ನ ಕಾವಲು ಕಾಯ್ತಿದೀಯೇನೋ?’ ಎಂದು ತಾತ ರೇಗಿದರು. ಮನೆಯವರೆಲ್ಲ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಆಕೆಗೆ ಎರಡು ವರ್ಷದಿಂದ ಗೊತ್ತಿತ್ತು.

ತಾತನಿಗೆ ಆಗ 72 ವರ್ಷ. 1976ರಲ್ಲಿ ಬೆಂಗಳೂರಿನ ನಗರ ಸಾರಿಗೆಗೆ ಡ್ರೈವರಾಗಿ ಸೇರಿ, 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಅದೇ ಸ್ಟೇರಿಂಗ್ ಹಿಡಿದು, 2010ರಲ್ಲಿ ನಿವೃತ್ತರಾದವರು. ಹೆಚ್ಚಿನ ಕಾಲ ಮೆಜೆಸ್ಟಿಕ್ಕಿನಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಹೋಗಿಬರುವುದೇ ಕೆಲಸ. ಅಮೃತಹಳ್ಳಿ ಆಗ ನಿಜಕ್ಕೂ ಹಳ್ಳಿ: ಕೆರೆ, ರಾಗಿ ಹೊಲ, ಹಸುಗಳು, ಸಂಜೆ ಏಳಕ್ಕೆಲ್ಲ ಕತ್ತಲು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಊರಿನ ಚಹರೆಯೇ ಬದಲಾಯಿತು. ತಾತ ಮಾತ್ರ ಬದಲಾಗಲಿಲ್ಲ. ಹೆಬ್ಬಾಳದಲ್ಲಿ ಮೇಲುಸೇತುವೆ ಕಟ್ಟುತ್ತಿದ್ದ ಕಾಲದಲ್ಲಿ ಒಂದೊಂದು ಟ್ರಿಪ್ಪಿಗೂ ಗಂಟೆಗಟ್ಟಲೆ ಮೂತ್ರ ತಡೆದು ಕೂತದ್ದನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಈಗಿನ ತೊಂದರೆಗೂ ಅದೇ ಕಾರಣ ಎಂದು ತಾವೇ ತೀರ್ಮಾನಿಸಿದ್ದರು. ಜೊತೆಗೆ ಕೋವಿಡ್ಡಿನ ಎರಡು ವರ್ಷ ಆಸ್ಪತ್ರೆ ಎಂದರೆ ಎಲ್ಲರೂ ಬೆದರುತ್ತಿದ್ದ ಕಾಲ. ‘ವಯಸ್ಸಾಯ್ತು, ಇದೆಲ್ಲ ಮಾಮೂಲು’ ಎಂಬ ಮಾತು ಅಜ್ಜಿಯ ಬಾಯಿ ಮುಚ್ಚಿಸಲು ಸಾಕಾಗುತ್ತಿತ್ತು.

ಮೂತ್ರ ತಡೆಯುವುದು ಒಳ್ಳೆಯ ಅಭ್ಯಾಸವಲ್ಲ, ನಿಜ. ಆದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಅದು ಕಾರಣವಲ್ಲ. ಆ ಗ್ರಂಥಿ ಗಂಡಸರಲ್ಲಿ ಮಾತ್ರ ಇರುವಂಥದ್ದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡು ಕೂತಿರುತ್ತದೆ. ಇಂಗ್ಲಿಷ್ ಪುಸ್ತಕಗಳು ಅದನ್ನು ಅಕ್ರೋಟಿಗೆ ಹೋಲಿಸುತ್ತವೆ. ನಮ್ಮ ಮಕ್ಕಳು ಒಂದು ದಪ್ಪ ಬೆಟ್ಟದ ನೆಲ್ಲಿಕಾಯಿಯನ್ನು ನೆನೆದುಕೊಂಡರೆ ಸಾಕು. ವೀರ್ಯದ ದ್ರವದಲ್ಲಿ ಒಂದು ಪಾಲು ತಯಾರಾಗುವುದು ಇಲ್ಲಿ. ವಯಸ್ಸಾದಂತೆ ಬಹಳಷ್ಟು ಗಂಡಸರಲ್ಲಿ ಇದು ದಪ್ಪವಾಗುತ್ತದೆ. ಉಂಗುರ ದಪ್ಪವಾದರೆ ನಡುವಿನ ನಾಳ ಇಕ್ಕಟ್ಟಾಗುತ್ತದೆ. ಮೂತ್ರದ ಧಾರೆ ಸಣ್ಣಗಾಗುವುದು, ಶುರುವಾಗಲು ಕಾಯಬೇಕಾಗುವುದು, ಪದೇಪದೇ ಏಳಬೇಕಾಗುವುದು ಇದರಿಂದಲೇ. ಹೀಗೆ ದಪ್ಪವಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ. ನಾಳದಿಂದ ದೂರ ಇರುವುದರಿಂದ ಬಹಳ ಕಾಲ ಅದು ಯಾವ ಸುಳಿವನ್ನೂ ಕೊಡುವುದಿಲ್ಲ. ರಾತ್ರಿ ಏಳುವವರೆಲ್ಲ ಹೆದರಬೇಕಾಗಿಲ್ಲ, ಹಾಗೆಂದು ‘ಮಾಮೂಲು’ ಎಂದು ಸುಮ್ಮನಾಗುವಂತೆಯೂ ಇಲ್ಲ. ಎರಡರಲ್ಲಿ ಯಾವುದು ಎಂಬುದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ.

ಫೆಬ್ರುವರಿಯ ಒಂದು ರಾತ್ರಿ ತಾತನಿಗೆ ಮೂತ್ರ ಪೂರ್ತಿ ಕಟ್ಟಿಹೋಯಿತು. ಕಿಬ್ಬೊಟ್ಟೆ ಕಲ್ಲಿನಂತಾಗಿ, ಎಂದೂ ಅಳದ ಮನುಷ್ಯ ಬಚ್ಚಲಲ್ಲಿ ಕೂತು ಅತ್ತರು. ಮಗ ಒಂದು ಗಂಟೆ ರಾತ್ರಿಯಲ್ಲಿ ಆಟೋ ಹುಡುಕಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ರಬ್ಬರಿನ ಸಣ್ಣ ಕೊಳವೆಯೊಂದನ್ನು ಮೂತ್ರಕೋಶಕ್ಕೆ ಇಳಿಸಿ, ಒಂದು ಲೀಟರಿನ ಸಮೀಪ ಮೂತ್ರ ತೆಗೆದ ಮೇಲೆ ತಾತ ‘ಅಬ್ಬಾ, ದೇವರೇ’ ಎಂದು ಕಣ್ಣು ಮುಚ್ಚಿದರು.

ಮುಂದಿನ ವಾರಗಳು ಪರೀಕ್ಷೆಗಳದ್ದು. ಮೊಮ್ಮಗನದು ಒಂದು ಬಗೆಯ ಪರೀಕ್ಷೆ, ತಾತನದು ಇನ್ನೊಂದು. ಡಾಕ್ಟರು ಗ್ರಂಥಿಯನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ಅದು ಗಟ್ಟಿಯಾಗಿ, ಗಂಟುಗಂಟಾಗಿತ್ತು. ಪಿಎಸ್ಎ ಎಂಬ ರಕ್ತಪರೀಕ್ಷೆ ಬರೆದರು. ಅದು ಈ ಗ್ರಂಥಿ ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿ ಮಿಲಿಲೀಟರಿಗೆ 4 ನ್ಯಾನೋಗ್ರಾಂ ಒಳಗಿದ್ದರೆ ಸಾಮಾನ್ಯ ಎಂಬುದು ಹಳೆಯ ರೂಢಿ. ಮೂತ್ರ ಕಟ್ಟಿದಾಗ, ಸೋಂಕಾದಾಗ, ಕೊಳವೆ ಹಾಕಿದಾಗಲೂ ಅದು ಏರುತ್ತದಾದ್ದರಿಂದ ಡಾಕ್ಟರು ಕೆಲವು ವಾರ ಕಾದೇ ರಕ್ತ ತೆಗೆಸಿದರು. ಅಂಕಿ ನೂರು ದಾಟಿತ್ತು. ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡಿದ್ದಾಯಿತು, ಮೂಳೆಗಳ ಸ್ಕ್ಯಾನ್ ಆಯಿತು. ಕ್ಯಾನ್ಸರ್ ಹೌದು, ಸೊಂಟದ ಮೂಳೆಯಲ್ಲಿ, ಬೆನ್ನುಹುರಿಯ ಸುತ್ತಲಿನ ಮೂಳೆಗಳಲ್ಲಿ ಕೆಲವು ಕಡೆ ಅದರ ಗುರುತುಗಳಿದ್ದವು.

ಡಾಕ್ಟರು ಕೆಟ್ಟವರಲ್ಲ. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಇಂಗ್ಲಿಷ್ ಬೆರೆಸಿದ ಮೂರು ನಿಮಿಷದ ಮಾತಿನಲ್ಲಿ ಅವರು ಹೇಳಬೇಕಾದದ್ದೆಲ್ಲ ಹೇಳಿದರು. ಮಗನ ಕಿವಿಗೆ ಬಿದ್ದದ್ದು ಒಂದೇ ಪದ. ಆಚೆ ಬಂದವನು ನೇರವಾಗಿ ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ, ‘ಅಪ್ಪಂಗೆ ಹೇಳ್ಬೇಡಿ ಸಿಸ್ಟರ್, ಎದೆ ಒಡಕೊಂಡ್ ಬಿಡ್ತಾರೆ’ ಎಂದು ಕೈಮುಗಿದ.

ಬೆಂಗಳೂರಿನಲ್ಲಿ ಈ ರೋಗದ ಹೆಸರನ್ನು ಹೇಳದೆಯೇ ಹೇಳುವ ಒಂದು ದಾರಿಯಿದೆ. ‘ಕಿದ್ವಾಯಿಗೆ ಕರ್ಕೊಂಡ್ ಹೋದ್ರಂತೆ’ ಎಂದು ದನಿ ತಗ್ಗಿಸಿದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತದೆ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಎಷ್ಟು ಜನರನ್ನು ಗುಣಪಡಿಸಿ ಕಳಿಸಿದರೂ ಆ ದನಿ ಮಾತ್ರ ಏರಿಲ್ಲ. ಅದೇ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಬರೆದಿಡುತ್ತ ಬಂದಿದೆ. ಇಲ್ಲಿನ ಗಂಡಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಸಾಲಿನಲ್ಲಿ ಪ್ರಾಸ್ಟೇಟಿನದೂ ಮುಂದಿನ ಸ್ಥಾನಗಳಲ್ಲೇ ಇದೆ. ಅಂದರೆ ಇದು ಯಾವುದೋ ದೂರದ ದೇಶದ ರೋಗವಲ್ಲ. ಒಂದೊಂದು ಬೀದಿಯಲ್ಲೂ ಇದ್ದೀತು; ಬೀದಿಯವರಿಗೆ ಗೊತ್ತಿಲ್ಲ, ಅಷ್ಟೆ.

ಸಿಸ್ಟರ್ ಚಿಂತಾಮಣಿ ಕಡೆಯವರು. ನಲವತ್ತರ ಆಸುಪಾಸಿನ ವಯಸ್ಸು. ಮೂವತ್ತು ಹಾಸಿಗೆಯ ವಾರ್ಡಿಗೆ ಆ ಪಾಳಿಯಲ್ಲಿ ಇಬ್ಬರೇ. ಮಗನ ಮಾತನ್ನು ಪೂರ್ತಿ ಕೇಳಿ ಆಕೆ ಹೇಳಿದ್ದು ಇಷ್ಟು: ‘ನಾನಾಗಿ ಹೋಗಿ ಹೇಳಲ್ಲಣ್ಣ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ.’

ಅವರು ಅಂದು ರಾತ್ರಿಯೇ ಕೇಳಿದರು. ‘ಸಿಸ್ಟರ್, ಇದು ಅದೇನಾ?’

‘ನಿಮಗೆ ಏನು ಅನ್ಸುತ್ತೆ ತಾತ?’

‘ಮಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿಲ್ಲ. ಸೊಸೆ ಇದ್ದಕ್ಕಿದ್ದ ಹಾಗೆ ಹಾರ್ಲಿಕ್ಸ್ ತಂದ್ಲು. ನಾನೇನ್ ಮಗುನಾ? ಮೂವತ್ನಾಲ್ಕು ವರ್ಷ ಬಸ್ ಓಡ್ಸಿದೀನಿ. ಬ್ರೇಕು ಸರಿ ಇಲ್ಲ ಅಂತ ಡ್ರೈವರಿಗೆ ಗೊತ್ತಿದ್ರೆ ಅವನು ನಿಧಾನಕ್ಕೆ ಹೋಗ್ತಾನೆ. ಗೊತ್ತಿಲ್ದೆ ಇದ್ರೆ ಎಲ್ಲರನ್ನೂ ಸಾಯಿಸ್ತಾನೆ.’

ಸಿಸ್ಟರ್ ಸ್ಟೂಲು ಎಳೆದು ಕೂತರು. ಹತ್ತು ನಿಮಿಷ ಕೂತಿದ್ದರಂತೆ. ಕ್ಯಾನ್ಸರ್ ಹೌದು, ಮೂಳೆಗೆ ಹೋಗಿದೆ, ಬೇರುಸಹಿತ ತೆಗೆಯಲು ಆಗುವುದಿಲ್ಲ. ಆದರೆ ಹಿಡಿದು ನಿಲ್ಲಿಸಲು ಮದ್ದಿದೆ, ಹೀಗೆ ಹಿಡಿದು ನಿಲ್ಲಿಸಿ ವರ್ಷಗಟ್ಟಲೆ ಓಡಾಡಿಕೊಂಡಿರುವವರಿದ್ದಾರೆ ಎಂದು ಬಿಡಿಸಿ ಹೇಳಿದರು. ತಾತ ಕೇಳಿದ ಮೊದಲ ಪ್ರಶ್ನೆ ತಮ್ಮ ಬಗ್ಗೆ ಆಗಿರಲಿಲ್ಲ. ‘ಮನೇಲಿ ಮಕ್ಕಳಿದಾರೆ. ಅಂಟುತ್ತಾ?’ ಅಂಟುವುದಿಲ್ಲ, ಲೋಟ ತಟ್ಟೆ ಬೇರೆ ಇಡಬೇಕಾಗಿಲ್ಲ ಎಂದಾಗ ಅವರು ಉಸಿರು ಬಿಟ್ಟರು. ಆ ಹೊತ್ತಿಗಾಗಲೇ ಮನೆಯಲ್ಲಿ ಅವರ ಲೋಟ ಬೇರೆಯಾಗಿತ್ತು ಎಂಬುದು ಅವರಿಗೆ ಗೊತ್ತಿತ್ತೋ ಏನೋ. ಮಾರನೆಯ ದಿನ ಸಿಸ್ಟರ್ ಸೊಸೆಯನ್ನು ಕರೆದು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ದೊಡ್ಡಬಳ್ಳಾಪುರದ ನೆಂಟರೊಬ್ಬರು ಯಾವುದೋ ಪುಡಿ ತಂದು ದಿಂಬಿನ ಕೆಳಗೆ ಇಟ್ಟಿದ್ದರು. ಅದಕ್ಕೂ ಆಕೆ ಬೈಯಲಿಲ್ಲ. ‘ಏನೇ ತಗೊಳ್ಳೋದಿದ್ರೂ ಡಾಕ್ಟರಿಗೆ ತೋರ್ಸಿ ತಗೊಳ್ಳಿ. ಮದ್ದಿಗೂ ಪುಡಿಗೂ ಜಗಳ ಆಗ್ಬಾರ್ದು’ ಎಂದರು. ಪುಡಿ ಮತ್ತೆ ಕಾಣಲಿಲ್ಲ.

ಈಗ ಮದ್ದಿನ ವಿಷಯ. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಹಾರ ಗಂಡಸಿನ ಹಾರ್ಮೋನು, ಟೆಸ್ಟೋಸ್ಟಿರೋನ್. ಅದನ್ನು ತಡೆದರೆ ಗೆಡ್ಡೆ ಕುಗ್ಗುತ್ತದೆ ಎಂದು 1941ರಲ್ಲಿ ತೋರಿಸಿಕೊಟ್ಟವರು ಶಿಕಾಗೋದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್. ಕ್ಯಾನ್ಸರ್ ಕೋಶಗಳು ಯಾರ ಮಾತೂ ಕೇಳದೆ ತಮ್ಮಷ್ಟಕ್ಕೆ ಬೆಳೆಯುತ್ತವೆ ಎಂದು ನಂಬಿದ್ದ ಕಾಲ ಅದು. ಕೆಲವು ಕ್ಯಾನ್ಸರುಗಳು ದೇಹದ ಹಾರ್ಮೋನಿನ ಅಂಕೆಯಲ್ಲಿವೆ ಎಂಬುದು ದೊಡ್ಡ ಕಾಣ್ಕೆಯಾಗಿತ್ತು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಅದನ್ನು ಹಂಚಿಕೊಂಡ ಪೇಟನ್ ರೌಸ್ ಎಂಬವರು ಕೋಳಿಗಳ ಗೆಡ್ಡೆಗೆ ವೈರಸ್ ಕಾರಣ ಎಂದು ತೋರಿಸಿದ್ದು 1911ರಲ್ಲಿ. ಬಹುಮಾನಕ್ಕೆ ಅವರು ಕಾದದ್ದು 55 ವರ್ಷ. ರಿಸಲ್ಟಿಗೆ ಒಂದು ತಿಂಗಳು ಕಾಯಲಾರದ ಮಕ್ಕಳು ಇದನ್ನು ಗಮನಿಸಬಹುದು.

ಈ ಹಾರ್ಮೋನನ್ನು ನಿಲ್ಲಿಸಲು ಎರಡು ದಾರಿ. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಚುಚ್ಚುಮದ್ದು. ಅದು ದುಬಾರಿ, ನಿಲ್ಲಿಸುವಂತಿಲ್ಲ. ಇಲ್ಲವೇ, ಹಾರ್ಮೋನು ತಯಾರಾಗುವ ವೃಷಣಗಳನ್ನು ಒಂದು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕುವುದು. ಖರ್ಚು ಕಡಿಮೆ, ಒಂದೇ ಸಲಕ್ಕೆ ಮುಗಿಯುತ್ತದೆ. ಫಲ ಎರಡರಲ್ಲೂ ಒಂದೇ. ಆದರೆ ಎರಡನೆಯದನ್ನು ಒಬ್ಬ ಗಂಡಸಿಗೆ ಹೇಳುವುದು ಹೇಗೆ? ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದು ‘ಯೋಚನೆ ಮಾಡಿ’ ಎಂದು ಹೋದರು. ಯೋಚನೆ ಮಾಡಲು ತಾತನಿಗೆ ಯಾರ ಜೊತೆ ಮಾತಾಡಬೇಕೆಂದೇ ತಿಳಿಯಲಿಲ್ಲ. ಮಗನ ಹತ್ತಿರ ಆಡುವ ಮಾತಲ್ಲ, ಹೆಂಡತಿಯ ಹತ್ತಿರ ಆಡಿ ಅಭ್ಯಾಸವಿಲ್ಲ. ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದರು.

ಸಿಸ್ಟರ್ ಅಜ್ಜಿಯನ್ನೂ ತಾತನನ್ನೂ ಒಟ್ಟಿಗೆ ಕೂಡಿಸಿ ಪರದೆ ಎಳೆದರು. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರು ಕಿತ್ತುಬರಬಹುದು, ಆಗ ಗಾಬರಿಯಾಗಬಾರದು. ಸುಸ್ತು, ಸಣ್ಣದಕ್ಕೂ ಬೇಜಾರು, ಸಿಟ್ಟು ಬರಬಹುದು. ಅದು ಮದ್ದಿನದು, ಮನುಷ್ಯನದಲ್ಲ. ಮೂಳೆ ಸವೆಯುತ್ತದೆ, ಅದಕ್ಕೆ ದಿನಾ ನಡೆಯಬೇಕು, ಡಾಕ್ಟರು ಕೊಟ್ಟ ಕ್ಯಾಲ್ಸಿಯಂ ತಪ್ಪಿಸಬಾರದು, ಬಚ್ಚಲಲ್ಲಿ ಜಾರಿ ಬೀಳದಂತೆ ನೋಡಿಕೊಳ್ಳಬೇಕು. ಗಂಡಹೆಂಡಿರ ನಡುವಿನ ಆಸೆ ಕುಂದುತ್ತದೆ ಎಂಬುದನ್ನೂ ಆಕೆ ಬಿಡಲಿಲ್ಲ. ದನಿ ಬದಲಿಸದೆ, ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಹೇಳಿದ ಹಾಗೆಯೇ ಹೇಳಿದರು. ಆ ಮಾತನ್ನು ಹಾಗೆ ಹೇಳಲು ಎಷ್ಟು ವರ್ಷದ ಅನುಭವ ಬೇಕೋ! ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿಯೇ ಸೆರಗು ಸರಿಮಾಡಿಕೊಂಡು ಹೇಳಿದರು: ‘ನಲವತ್ತೆಂಟು ವರ್ಷ ಸಂಸಾರ ಮಾಡಿದೀವಿ ಕಣಮ್ಮ. ಮನುಷ್ಯ ಮನೇಲಿದ್ರೆ ಸಾಕು.’

ತಾತ ಶಸ್ತ್ರಚಿಕಿತ್ಸೆಗೆ ಒಪ್ಪಿದರು. ಕಾರಣ ಕೇಳಿದ ಡಾಕ್ಟರಿಗೆ ಅವರು ಕೊಟ್ಟ ಉತ್ತರ, ಮೂರು ತಿಂಗಳಿಗೊಂದು ಸಲ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂರುವುದು ತಮ್ಮಿಂದಾಗದು ಎಂಬುದು. ಜೊತೆಗೆ ಕೆಲವು ಮಾತ್ರೆಗಳನ್ನೂ ಬರೆದುಕೊಟ್ಟರು. ಹಾರ್ಮೋನ್ ಚಿಕಿತ್ಸೆಯ ಜೊತೆಗೆ ಕೊಟ್ಟರೆ ರೋಗವನ್ನು ಇನ್ನಷ್ಟು ಕಾಲ ತಡೆಯುವ ಮಾತ್ರೆಗಳು ಈಗ ಬಂದಿವೆ.

ಗೆಡ್ಡೆ ಕುಗ್ಗಿ ಮೂತ್ರ ತಾನಾಗಿ ಹೋಗುವವರೆಗೂ ಕೊಳವೆ ಇರಲೇಬೇಕಿತ್ತು. ಕೊಳವೆಯ ಇನ್ನೊಂದು ತುದಿಗೆ ಪ್ಲಾಸ್ಟಿಕ್ ಚೀಲ. ಅದನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು. ಬಿಡುಗಡೆಯ ದಿನ ಮೊಮ್ಮಗನೂ ಬಂದಿದ್ದ, ಪರೀಕ್ಷೆ ಮುಗಿದಿತ್ತು. ಸಿಸ್ಟರ್ ಅವನನ್ನೇ ಹಿಡಿದರು. ‘ನೀನು ಲೆಕ್ಕ ಇಡೋ ಹುಡುಗ ಅಲ್ವಾ? ಬಾ ಇಲ್ಲಿ. ಚೀಲ ಎಲ್ಲಿರ್ಬೇಕು ಹೇಳು ನೋಡೋಣ.’ ಹುಡುಗ ಮಂಚದ ಪಕ್ಕದ ಸಲೈನ್ ಸ್ಟ್ಯಾಂಡ್ ತೋರಿಸಿದ. ಸಿಸ್ಟರ್ ಒಂದು ಹೊಸ ಚೀಲಕ್ಕೆ ನೀರು ತುಂಬಿ, ಕೊಳವೆಯ ತುದಿಯನ್ನು ಅವನ ಕೈಗೆ ಕೊಟ್ಟು, ಚೀಲವನ್ನು ಮೇಲೆತ್ತಿದರು. ನೀರು ಅವನ ಕೈಮೇಲೆ ಸುರಿಯಿತು.

‘ಈಗ ಹೇಳು.’

‘ಕೆಳಗೆ. ಮೂತ್ರಕೋಶಕ್ಕಿಂತ ಕೆಳಗೆ.’

ನೀರು ತಗ್ಗಿಗೆ ಹರಿಯುತ್ತದೆ ಎಂದು ಪುಸ್ತಕದಲ್ಲಿ ಓದಿ ಅಂಕ ಪಡೆದದ್ದು ಬೇರೆ. ಚೀಲ ಮೇಲಾದರೆ ಹಳೆಯ ಮೂತ್ರ ತಾತನ ಮೂತ್ರಕೋಶಕ್ಕೆ ವಾಪಸ್ಸು ಹರಿದು ಸೋಂಕು ಹತ್ತುತ್ತದೆ ಎಂದು ತಿಳಿಯುವುದು ಬೇರೆ. ಸಲೈನ್ ಬಾಟಲು ಮೇಲಿರುವುದೂ ಮೂತ್ರದ ಚೀಲ ಕೆಳಗಿರುವುದೂ ಒಂದೇ ನಿಯಮದಿಂದ ಎಂಬುದು ಹುಡುಗನಿಗೆ ಆ ಕ್ಷಣಕ್ಕೆ ಹೊಳೆಯಿತು. ಆಟೋದಲ್ಲಿ ಹೋಗುವಾಗ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳುವವರಿದ್ದಾರೆ, ಮಂಚದ ತಲೆಗಡೆ ಮೊಳೆಗೆ ನೇತುಹಾಕುವವರಿದ್ದಾರೆ. ಹಾಗೆಂದು ನೆಲಕ್ಕೂ ತಾಗಬಾರದು. ಚೀಲ ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಬೇಕು. ಖಾಲಿ ಮಾಡುವಾಗ ಚೀಲದ ನಲ್ಲಿ ಮಗ್ಗಿಗೆ ತಗುಲಬಾರದು. ಕೊಳವೆ ಒಳಹೋಗುವ ಜಾಗವನ್ನು ದಿನಾ ಸೋಪು ನೀರಲ್ಲಿ ತೊಳೆದರೆ ಸಾಕು, ಪೌಡರು ಗೀಡರು ಬೇಡ. ಕೊಳವೆಯನ್ನು ತೊಡೆಗೆ ಪ್ಲಾಸ್ಟರಿನಿಂದ ಅಂಟಿಸಿರಬೇಕು, ಯಾರೂ ಎಳೆಯಬಾರದು. ಒಳಗೆ ಅದನ್ನು ಹಿಡಿದಿರುವುದು ನೀರು ತುಂಬಿದ ಒಂದು ಪುಟ್ಟ ಬಲೂನು. ಎಳೆದರೆ ಗಾಯ, ರಕ್ತ.

ಊಟದ ಬಗ್ಗೆ ಅಜ್ಜಿ ಕೇಳಿದರು. ಮುದ್ದೆ, ಸೊಪ್ಪಿನ ಬಸ್ಸಾರು, ಹಣ್ಣು. ಮಲಬದ್ಧತೆ ಆಗದಿದ್ದರೆ ಸಾಕು, ಮುಕ್ಕಬಾರದು. ಹೃದಯದ ಕಾಯಿಲೆ ಇಲ್ಲವಾದ್ದರಿಂದ ದಿನಕ್ಕೆ ಎಂಟು ಹತ್ತು ಲೋಟ ನೀರು. ಮೂತ್ರ ತೆಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೆಚ್ಚು ನೀರು ಕುಡಿದು ನೋಡುವುದು; ಕೆಂಪಾಗಿ ಗರಣೆ ಬಂದರೆ, ಚಳಿಜ್ವರ ಬಂದರೆ, ಮೂರು ನಾಲ್ಕು ಗಂಟೆ ಚೀಲಕ್ಕೆ ಏನೂ ಇಳಿಯದಿದ್ದರೆ, ಕೊಳವೆ ಮಡಚಿಕೊಂಡಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಆಸ್ಪತ್ರೆಗೆ.

ಆಸ್ಪತ್ರೆ ಕೊಟ್ಟ ಬಿಡುಗಡೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬಸ್ಸಿನ ಬೋರ್ಡು ಕನ್ನಡದಲ್ಲಿರಬೇಕೆಂದು ದನಿಯೆತ್ತುವ ನಾವು, ಜೀವ ಉಳಿಸಿಕೊಳ್ಳುವ ಕಾಗದ ಯಾವ ಭಾಷೆಯಲ್ಲಿದೆ ಎಂದು ಕೇಳುವುದಿಲ್ಲ. ಸಿಸ್ಟರ್ ಆ ಪತ್ರವನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ಬಾಲ್‌ಪೆನ್ನಿನಲ್ಲಿ ದುಂಡಗಿನ ಕನ್ನಡದಲ್ಲಿ ಹತ್ತು ಸಾಲು ಬರೆದರು. ಬರೆಯುತ್ತಿದ್ದಾಗ ಎರಡು ಸಲ ಬೇರೆ ಹಾಸಿಗೆಯಿಂದ ಕರೆ ಬಂತು, ಎದ್ದುಹೋಗಿ ಬಂದು ಮುಂದುವರಿಸಿದರು. ಇದು ಅವರ ಕೆಲಸದ ಪಟ್ಟಿಯಲ್ಲಿ ಇದ್ದೀತು; ಆದರೆ ಇಬ್ಬರು ನರ್ಸುಗಳು ಮೂವತ್ತು ಹಾಸಿಗೆ ನೋಡುವ ಕಡೆ ಮೊದಲು ಬಿಟ್ಟುಹೋಗುವ ಕೆಲಸವೂ ಇದೇ. ಇಂಜೆಕ್ಷನ್ ಕೊಡದಿದ್ದರೆ ಯಾರಾದರೂ ಕೇಳುತ್ತಾರೆ. ಹೇಳಿಕೊಡದಿದ್ದರೆ ಯಾರೂ ಕೇಳುವುದಿಲ್ಲ. ಕೊನೆಯ ಸಾಲಿನ ಕೆಳಗೆ ಆಕೆ ಎರಡು ಗೆರೆ ಎಳೆದರು: ‘ಬೆನ್ನುನೋವು ಹೊಸದಾಗಿ ಬಂದು ಮಲಗಿದರೆ ಹೆಚ್ಚಾದರೆ, ಕಾಲು ಸೋತರೆ, ಜೋಮು ಹಿಡಿದರೆ, ಬೆಳಗಾಗುವವರೆಗೆ ಕಾಯಬೇಡಿ.’

ಮಗನಿಗೂ ಒಂದು ಮಾತು ಹೇಳಿದರು. ತಂದೆಗೆ ಈ ಕ್ಯಾನ್ಸರ್ ಇದ್ದರೆ ಮಕ್ಕಳಿಗೆ ಬರುವ ಸಂಭವ ಇತರರಿಗಿಂತ ಹೆಚ್ಚು. ‘ನಿಮಗೆ ನಲವತ್ತೈದು ಆಯ್ತಲ್ವಾ? ಹೆದರ್ಕೋಬೇಡಿ, ಆದ್ರೆ ಒಂದ್ಸಲ ಡಾಕ್ಟರ ಹತ್ರ ಕೂತು ಮಾತಾಡಿ.’

ಮನೆಗೆ ಬಂದ ತಾತ ಒಂದು ವಾರ ಹೊಸಿಲು ದಾಟಲಿಲ್ಲ. ಚೀಲ ಹಿಡಿದು ಬೀದಿಗೆ ಇಳಿಯುವುದು ಹೇಗೆ? ಅಜ್ಜಿ ಟ್ರಂಕಿನಿಂದ ಅವರ ಹಳೆಯ ಖಾಕಿ ಪ್ಯಾಂಟೊಂದನ್ನು ತೆಗೆದು ಕತ್ತರಿಸಿ, ಉದ್ದ ಹಿಡಿಯ ಕೈಚೀಲ ಹೊಲಿದರು. ಮೂತ್ರದ ಚೀಲ ಅದರೊಳಗೆ ಸರಿಯಾಗಿ ಕೂತಿತು; ಹಿಡಿದು ನಡೆದರೆ ಮೊಣಕಾಲ ಹತ್ತಿರ ಇರುತ್ತಿತ್ತು, ಸಿಸ್ಟರ್ ಹೇಳಿದ ಎತ್ತರವೇ. ‘ಮೂವತ್ನಾಲ್ಕು ವರ್ಷ ಕಂಡಕ್ಟರುಗಳ ಚೀಲ ನೋಡಿ ನಗ್ತಿದ್ದೆ. ಈಗ ನಂಗೂ ಒಂದು’ ಎಂದು ತಾತ ನಕ್ಕರು. ಆಸ್ಪತ್ರೆಗೆ ಹೋದಾಗಿನಿಂದ ಅವರು ನಕ್ಕದ್ದು ಅದೇ ಮೊದಲು. ಸಂಜೆ ದೇವಸ್ಥಾನದವರೆಗೆ ಹೋಗಿಬಂದರು. ಸುಮಾರು ಎರಡು ತಿಂಗಳ ಮೇಲೆ ಕೊಳವೆ ತೆಗೆದರು. ಪಿಎಸ್ಎ ಅಂಕಿ ಇಳಿಯುತ್ತ ಬಂತು. ಹುಡುಗ ಪಾಸಾಗಿ ಪಿಯುಸಿ ಸೇರಿದ.

ನವೆಂಬರಿನಲ್ಲಿ ಅವರ ಬೆನ್ನು ನೋಯತೊಡಗಿತು. ತಾತ ತಮ್ಮ ಹಳೆಯ ಚಾಳಿಯಂತೆ ಯಾರಿಗೂ ಹೇಳಲಿಲ್ಲ. ಡ್ರೈವರಿಗೆ ಬೆನ್ನುನೋವು ಹೊಸದೇ? ನಾಲ್ಕನೆಯ ರಾತ್ರಿ ಮಲಗಲಾರದೆ ಕುರ್ಚಿಯಲ್ಲಿ ಕೂತಿದ್ದರು. ಎದ್ದು ಬಚ್ಚಲಿಗೆ ಹೊರಟವರು ಹೊಸಿಲಲ್ಲಿ ಎಡವಿದರು. ‘ಕಾಲು ಯಾಕೋ ಹತ್ತಿ ಥರ ಆಗಿದೆ’ ಎಂದರು. ಅಜ್ಜಿಗೆ ಓದು ಅಷ್ಟಾಗಿ ಬಾರದು. ಆದರೆ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದ ಆ ಕಾಗದದ ಕೊನೆಯಲ್ಲಿ ಎರಡು ಗೆರೆ ಎಳೆದ ಸಾಲು ಯಾವುದೆಂದು ಆಕೆಗೆ ಗೊತ್ತಿತ್ತು. ಮೊಮ್ಮಗನನ್ನು ಎಬ್ಬಿಸಿ, ‘ಅದನ್ನ ಇನ್ನೊಂದ್ಸಲ ಓದು’ ಎಂದರು. ಅವನು ಓದಿದ. ಗಂಟೆ ಎರಡೂವರೆ. ‘ಬೆಳಗ್ಗೆ ಹೋದ್ರಾಯ್ತು’ ಎಂದ ತಾತನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಬೆನ್ನಿನ ಮೂಳೆಯೊಂದರ ಗೆಡ್ಡೆ ಬೆನ್ನುಹುರಿಯನ್ನು ಒತ್ತುತ್ತಿತ್ತು. ಇದಕ್ಕೆ ಗಂಟೆಗಳ ಲೆಕ್ಕ. ಕಾಲಿನಲ್ಲಿ ಇನ್ನೂ ನಡೆಯುವ ಶಕ್ತಿಯಿರುವಾಗಲೇ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ನಡೆಯುತ್ತಲೇ ಉಳಿಯುತ್ತಾರೆ. ಪೂರ್ತಿ ಸ್ವಾಧೀನ ತಪ್ಪಿದ ಮೇಲೆ ಬಂದವರಲ್ಲಿ ಮತ್ತೆ ಎದ್ದು ನಿಲ್ಲುವವರು ಕೆಲವರೇ. ಮಲಮೂತ್ರದ ಹಿಡಿತವೂ ಹೋಗಿಬಿಡುತ್ತದೆ. ಆ ರಾತ್ರಿಯೇ ಊತ ಇಳಿಸುವ ಸ್ಟಿರಾಯ್ಡ್ ಕೊಟ್ಟರು, ಎಂಆರ್‌ಐ ಮಾಡಿಸಿದರು, ಮಾರನೆಯ ದಿನವೇ ವಿಕಿರಣ ಚಿಕಿತ್ಸೆ ಶುರುವಾಯಿತು. ಎರಡು ವಾರದ ಮೇಲೆ ತಾತ ಕೋಲೂರಿಕೊಂಡು ವಾರ್ಡಿನ ಉದ್ದಕ್ಕೂ ನಡೆದರು. ಚಿಂತಾಮಣಿಯ ಸಿಸ್ಟರನ್ನು ಹುಡುಕಿದರು. ಆಕೆ ರಾತ್ರಿ ಪಾಳಿ ಮುಗಿಸಿ ಆಗಲೇ ಮನೆಗೆ ಹೋಗಿದ್ದರು.

ಮುಂದೊಂದು ದಿನ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ ಎಂದು ಮಗ ಈಗಲೇ ವಿಚಾರಿಸಿಟ್ಟಿದ್ದಾನೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯ, ರೋಗ ಮುಂದುವರಿದ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಶುಶ್ರೂಷೆ ಮಾಡುವ ಕೆಲಸವನ್ನು 1995ರಲ್ಲಿ ಶುರುಮಾಡಿತು, 1999ರಿಂದ ಇರಿಸಿಕೊಂಡು ನೋಡಿಕೊಳ್ಳುವ ವ್ಯವಸ್ಥೆಯೂ ಇದೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅವನು ಇದನ್ನು ಅಪ್ಪನಿಂದ ಮುಚ್ಚಿಡಲಿಲ್ಲ. ತಾತನೇ ಆ ಹೆಸರನ್ನು ಕಾಗದದ ಮೂಲೆಯಲ್ಲಿ ಬರೆದುಕೊಂಡರು. ರಕ್ತಪರೀಕ್ಷೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕುವವರೂ ಅವರೇ.

ಆ ಚಳಿಗಾಲ ಕಳೆದ ಮೇಲೆ ತಾತ ಮತ್ತೆ ಸಂಜೆ ಕೆರೆಯ ಕಡೆ ಹೋಗತೊಡಗಿದರು. ಒಂದು ಕೈಯಲ್ಲಿ ಕೋಲು, ಒಮ್ಮೊಮ್ಮೆ ಜೊತೆಗೆ ಮೊಮ್ಮಗ. ಹೀಗೇ ಒಂದು ಸಂಜೆ ಅವರ ಕಾಲದ ಕಂಡಕ್ಟರೊಬ್ಬರು ಸಿಕ್ಕಿದರು, ಜಕ್ಕೂರಿನವರು. ಅದೂ ಇದೂ ಮಾತಾದ ಮೇಲೆ ತಾತ ಇದ್ದಕ್ಕಿದ್ದಂತೆ ಕೇಳಿದರು:

‘ರಾತ್ರಿ ಎಷ್ಟು ಸಲ ಏಳ್ತೀಯೋ?’

‘ಥೂ, ಇದೆಂಥ ಪ್ರಶ್ನೆನೋ ನಡುಬೀದೀಲಿ!’

‘ಲೆಕ್ಕ ಹೇಳು. ಕಂಡಕ್ಟರ್ ಅಲ್ವಾ ನೀನು.’

ಅವರು ಹುಡುಗನ ಕಡೆ ಒಮ್ಮೆ ನೋಡಿದರು, ಅತ್ತ ಇತ್ತ ನೋಡಿದರು. ಆಮೇಲೆ ಮೆಲ್ಲಗೆ ನಾಲ್ಕು ಬೆರಳು ಎತ್ತಿದರು.